ಅಂಗಿಯ ಮೇಲೆ ಊರಿನ ಹೆಸರು

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕದ ಫುಟ್‌ಬಾಲ್ ತಂಡ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಸುನಿಲ್ ಕುಮಾರ್ ಎರಡನೇ ನಿಮಿಷದಲ್ಲೇ ಗೋಲು ಹೊಡೆದರು. ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿಕೊಂಡಿತು. ಬೇಕಿ ಓರಾಂ, ರಾಬಿನ್ ಯಾದವ್ ವಿರಾಮದೊಳಗೆ ಇನ್ನೆರಡು ಗೋಲು ಸೇರಿಸಿದರು. ಆ ಟ್ರೋಫಿಯ ಕೊನೆಯ ಪಂದ್ಯಗಳು ವಿದೇಶದ ನೆಲದಲ್ಲಿ ನಡೆದದ್ದು ಅದೇ ಮೊದಲು. ಮರುದಿನ ಎಲ್ಲೆಲ್ಲೂ ‘54 ವರ್ಷಗಳ ಬಳಿಕ’ ಎಂಬ ಮಾತೇ ಕೇಳಿಬಂತು.

ವರ್ಷಗಳ ಲೆಕ್ಕ ಸರಿಯಾಗಿಯೇ ಇದೆ. ಆದರೆ 1968-69ರಲ್ಲಿ ಗೆದ್ದ ತಂಡದ ಹೆಸರು ಮೈಸೂರು. ಅದಕ್ಕೂ ಹಿಂದಿನ ಮೂರು ಗೆಲುವುಗಳೂ ಮೈಸೂರಿನವೇ. ಕರ್ನಾಟಕ ಎಂಬ ಹೆಸರು ಹೊತ್ತ ತಂಡ ಈ ಕಪ್ಪನ್ನು ಎತ್ತಿದ್ದು 2023ರಲ್ಲೇ ಮೊದಲು. ಬೆಂಗಳೂರಿನವರಿಗೆ ಇದು ಹೆಸರಿನ ಬದಲಾವಣೆ ಅಷ್ಟೇ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ನೋಡಿದರೆ ಹಾಗಲ್ಲ. ಆ ಐದು ಗೆಲುವುಗಳಲ್ಲಿ ನಮ್ಮವು ಎಷ್ಟು ಎಂದು ಯಾರಾದರೂ ಕೇಳಿದರೆ, ಉತ್ತರಕ್ಕೆ ಮೊದಲು ನಕಾಶೆಯನ್ನೇ ಬಿಚ್ಚಬೇಕಾಗುತ್ತದೆ.

ಬಂಗಾಳದ ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜ ಮನ್ಮಥನಾಥ ರಾಯ್ ಚೌಧುರಿ ಅವರ ನೆನಪಿಗೆ 1941ರಲ್ಲಿ ಈ ಟ್ರೋಫಿ ಶುರುವಾಯಿತು. ಪ್ರಾಂತಕ್ಕೊಂದು, ಸಂಸ್ಥಾನಕ್ಕೊಂದು ತಂಡ. ಮೈಸೂರು ಮೊದಲ ಸಲ ಗೆದ್ದದ್ದು 1946-47ರಲ್ಲಿ, ಬೆಂಗಳೂರಿನಲ್ಲೇ, ಬಂಗಾಳದ ಎದುರು. ಆ ಹೊತ್ತಿಗೆ ಬೈಲಹೊಂಗಲ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿತ್ತು. ತಾಲೂಕಿನ ಹೆಸರು ಸಂಪಗಾಂವ, ಮಾಮಲೇದಾರ ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಕಿತ್ತೂರು ಅದೇ ತಾಲೂಕಿನ ಒಂದು ಊರು. ಸವದತ್ತಿ ಪರಸಗಡ ತಾಲೂಕಿಗೆ ಸೇರಿತ್ತು. ರಾಮದುರ್ಗ ಬ್ರಿಟಿಷರ ಜಿಲ್ಲೆಯೊಳಗೇ ಇರಲಿಲ್ಲ. ಅದು ಭಾವೆ ಮನೆತನದ ಸಂಸ್ಥಾನ, ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್‌ನಲ್ಲಿ. ಒಂದೇ ಮಲಪ್ರಭೆಯ ನೀರು ಕುಡಿಯುವ ಊರುಗಳು, ಆದರೆ ಆಳುವವರು ಬೇರೆ. ಮೈಸೂರು ಇವರಿಗೆ ನೆಂಟಸ್ತನದ ಭಾಷೆಯುಳ್ಳ ಪರರಾಜ್ಯ. ಅಲ್ಲಿನ ತಂಡ ಗೆದ್ದರೆ ಸಂತೋಷಪಡಬಹುದಿತ್ತು, ನಮ್ಮದೆನ್ನಲು ಕಾಗದಪತ್ರದ ಆಧಾರವಿರಲಿಲ್ಲ.

ಇನ್ನೊಂದು ತಮಾಷೆ ಇದೆ. ಮೈಸೂರು ತಂಡದ ಆಟಗಾರರು ಕೂಡ ಪೂರ್ತಿ ಮೈಸೂರಿನವರಾಗಿರಲಿಲ್ಲ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ. ಆ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ 1947ರಲ್ಲಿ ಮರಳಿ ಬರುವವರೆಗೂ ಮಹಾರಾಜರ ಆಡಳಿತಕ್ಕೆ ಒಳಪಟ್ಟಿರಲಿಲ್ಲ, ಬ್ರಿಟಿಷರ ಕೈಯಲ್ಲಿತ್ತು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಓಣಿಗಳಲ್ಲಿ ತಮಿಳು, ಉರ್ದು, ತೆಲುಗು ಮನೆಮಾತಿನ ಹುಡುಗರು ಸೋಲ್ಜರುಗಳ ಆಟ ನೋಡಿ ಕಲಿತರು, ಬರಿಗಾಲಲ್ಲಿ ಆಡಿ ಅವರನ್ನೇ ಮೀರಿಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1891ರಿಂದ ಬ್ರಿಟಿಷ್ ಸೈನ್ಯದ ತುಕಡಿಗಳೇ ಹಂಚಿಕೊಳ್ಳುತ್ತ ಬಂದಿದ್ದ ಆ ಕಪ್ಪು ಭಾರತೀಯ ತಂಡವೊಂದಕ್ಕೆ ದಕ್ಕಿದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು. ಎಂದರೆ ಮೈಸೂರು ತಂಡದ ಜೀವಾಳ ಮೈಸೂರಿನ ಹೊರಗಿತ್ತು, ಅದರ ಮೊದಲ ದೊಡ್ಡ ಗೆಲುವು ನಮ್ಮ ಬೈಲಹೊಂಗಲದವರ ರಾಜಧಾನಿಯಾಗಿದ್ದ ಮುಂಬಯಿಯಲ್ಲಿ ಆಯಿತು. ಪ್ರಾಂತಗಳ ಗೆರೆಗಳನ್ನು ತೀರಾ ಗಂಭೀರವಾಗಿ ತೆಗೆದುಕೊಂಡವರು ಎಡವುವುದು ಇಂಥಲ್ಲಿ.

ಹಾಗಂತ ಗೆರೆಗಳೇ ಸುಳ್ಳು ಎನ್ನಲೂ ಆಗದು. ಐರ್ಲೆಂಡಿನ ಕಥೆ ಕೇಳಿ.

ಅಲ್ಲಿ ಗೇಲಿಕ್ ಫುಟ್‌ಬಾಲ್ ಎಂಬ ಆಟವಿದೆ. ಒಂದೊಂದು ಕಡೆ ಹದಿನೈದು ಜನ. ಚೆಂಡನ್ನು ಒದೆಯಬಹುದು, ಕೈಯಲ್ಲಿ ಹಿಡಿದು ಓಡಬಹುದು, ಆದರೆ ಕೆಲವೇ ಹೆಜ್ಜೆ. ಆಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿನಿಂದ ಚಿಮ್ಮಿ ಮತ್ತೆ ಕೈಗೆ ತಂದುಕೊಳ್ಳಬೇಕು. ಎರಡು ಉದ್ದ ಕಂಬ, ನಡುವೆ ಅಡ್ಡಪಟ್ಟಿ. ಪಟ್ಟಿಯ ಕೆಳಗೆ ಬಲೆಗೆ ಹೊಡೆದರೆ ಗೋಲು, ಅದಕ್ಕೆ ಮೂರು ಅಂಕ. ಮೇಲಿಂದ ದಾಟಿಸಿದರೆ ಒಂದು, ಈಚಿನ ನಿಯಮದಲ್ಲಿ ದೂರದಿಂದ ದಾಟಿಸಿದರೆ ಎರಡು. ಹಳ್ಳಿಗಳಲ್ಲಿ ಗೊತ್ತುಗುರಿಯಿಲ್ಲದೆ ನಡೆಯುತ್ತಿದ್ದ ಆಟಕ್ಕೆ ಕಟ್ಟುಪಾಡು ತಂದದ್ದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಅದು ಹುಟ್ಟಿದ್ದು 1884ರ ನವೆಂಬರ್ 1ರಂದು, ಥರ್ಲೆಸ್ ಎಂಬ ಸಣ್ಣ ಪೇಟೆಯ ಹೋಟೆಲೊಂದರಲ್ಲಿ. ಮೈಕೆಲ್ ಕ್ಯೂಸಾಕ್ ಎಂಬ ಶಾಲಾ ಮಾಸ್ತರ, ಮಾರಿಸ್ ಡೇವಿನ್ ಎಂಬ ಓಟ-ಎಸೆತಗಳ ಹೆಸರಾಂತ ಆಟಗಾರ ಮುಂದೆ ನಿಂತಿದ್ದರು. ನವೆಂಬರ್ 1 ನಮಗೆ ಬೇರೆ ಕಾರಣಕ್ಕೆ ನೆನಪಿರುವ ದಿನ. ತಾರೀಖು ಕೂಡಿದ್ದು ಆಕಸ್ಮಿಕ, ಆದರೆ ಎರಡರ ಹಿಂದಿನ ಹಂಬಲ ಒಂದೇ ಜಾತಿಯದು.

ಐರ್ಲೆಂಡಿನ ಕೌಂಟಿಗಳನ್ನು, ಎಂದರೆ ಅಲ್ಲಿನ ಜಿಲ್ಲೆಗಳನ್ನು, ಗೆರೆ ಎಳೆದು ಮಾಡಿದವರು ಇಂಗ್ಲಿಷ್ ಆಡಳಿತಗಾರರು, ಕಂದಾಯಕ್ಕೂ ಕೋರ್ಟಿಗೂ ಬೇಕೆಂದು. ಆ ಸಂಸ್ಥೆ ಇಂಗ್ಲಿಷರ ಆಟಗಳನ್ನು ದೂರವಿಟ್ಟಿತು, ಅವರ ಗೆರೆಗಳನ್ನು ಮಾತ್ರ ಇಟ್ಟುಕೊಂಡಿತು. ಪ್ಯಾರಿಷ್ ಎಂದರೆ ಚರ್ಚಿನ ಸುತ್ತಲಿನ ಊರು, ಅದಕ್ಕೊಂದು ಕ್ಲಬ್ಬು. ಕ್ಲಬ್ಬುಗಳ ಮೇಲೆ ಕೌಂಟಿ. ಮೂವತ್ತೆರಡು ಕೌಂಟಿಗಳ ಮೇಲೆ ಅಖಿಲ ಐರ್ಲೆಂಡ್ ಪಂದ್ಯಾವಳಿ. 1887ರ ಮೊದಲ ಪಂದ್ಯಾವಳಿಯಲ್ಲಿ ಕೌಂಟಿ ತಂಡ ಅಂತ ಬೇರೆ ಇರಲೇ ಇಲ್ಲ. ಕೌಂಟಿಯೊಳಗೆ ಗೆದ್ದ ಕ್ಲಬ್ಬೇ ಕೌಂಟಿಯ ಪರವಾಗಿ ಹೋಗುತ್ತಿತ್ತು. ಹಾಗೆ ಲಿಮರಿಕ್ ಊರಿನ ಕಮರ್ಷಿಯಲ್ಸ್ ಕ್ಲಬ್ಬು ಗೆದ್ದು ಲಿಮರಿಕ್ ಕೌಂಟಿ ಮೊದಲ ಚಾಂಪಿಯನ್ ಆಯಿತು. ಬೇರೆ ಕ್ಲಬ್ಬುಗಳ ಒಳ್ಳೆಯ ಆಟಗಾರರನ್ನೂ ಕೂಡಿಸಿ ಕೌಂಟಿ ತಂಡ ಕಟ್ಟುವ ಪದ್ಧತಿ ಆಮೇಲಿನದು. ಇಂದು ಕೆರಿ ಕೌಂಟಿಗೆ 39 ಪ್ರಶಸ್ತಿ, ಡಬ್ಲಿನ್‌ಗೆ 31. ಅಂತಿಮ ಪಂದ್ಯಕ್ಕೆ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಎಂಬತ್ತೆರಡು ಸಾವಿರ ಜನ ಸೇರುತ್ತಾರೆ. ಆಡುವವರಿಗೆ ಸಂಬಳವಿಲ್ಲ. ಸೋಮವಾರ ಬೆಳಗ್ಗೆ ಒಬ್ಬ ಶಾಲೆಗೆ ಪಾಠ ಹೇಳಲು ಹೋಗಬೇಕು, ಇನ್ನೊಬ್ಬ ಹೊಲಕ್ಕೆ, ಮತ್ತೊಬ್ಬ ಪೊಲೀಸ್ ಠಾಣೆಗೆ.

ಇಷ್ಟು ಗಟ್ಟಿ ಬೇರಿಗೆ ರಕ್ತವೂ ಬಿದ್ದಿದೆ. 1920ರ ನವೆಂಬರ್ 21ರಂದು ಕ್ರೋಕ್ ಪಾರ್ಕ್‌ನಲ್ಲಿ ಡಬ್ಲಿನ್-ಟಿಪ್ಪರೇರಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ನುಗ್ಗಿ ಗುಂಡು ಹಾರಿಸಿದವು. ಹದಿನಾಲ್ಕು ಜನ ಸತ್ತರು. ಅವರಲ್ಲಿ ಟಿಪ್ಪರೇರಿಯ ಆಟಗಾರ ಮೈಕೆಲ್ ಹೋಗನ್ ಒಬ್ಬ. ಇಂದಿಗೂ ಅಲ್ಲಿನ ಒಂದು ಸ್ಟ್ಯಾಂಡಿಗೆ ಅವನ ಹೆಸರಿದೆ. ಸಂಸ್ಥೆಯ ಹಟಮಾರಿತನವೂ ಕಡಿಮೆಯದಲ್ಲ. ಸದಸ್ಯರಾದವರು ಕ್ರಿಕೆಟ್, ಸಾಕರ್, ರಗ್ಬಿ, ಹಾಕಿ ಆಡಬಾರದು, ನೋಡಲೂ ಬಾರದು ಎಂಬ ನಿಯಮ 1971ರವರೆಗೆ ಇತ್ತು. ದೇಶದ ಅಧ್ಯಕ್ಷರಾಗಿದ್ದ ಡಗ್ಲಸ್ ಹೈಡ್ 1938ರಲ್ಲಿ ಅಂತರರಾಷ್ಟ್ರೀಯ ಸಾಕರ್ ಪಂದ್ಯ ನೋಡಲು ಹೋದರೆಂದು ಅವರನ್ನೇ ಪೋಷಕ ಸ್ಥಾನದಿಂದ ಕಿತ್ತುಹಾಕಿದರು. ಕ್ರಿಕೆಟ್ ಆಡಿದ ತಪ್ಪಿಗೆ ಬೈಲಹೊಂಗಲದಲ್ಲಿ ಯಾರನ್ನಾದರೂ ಬಹಿಷ್ಕರಿಸಬೇಕೆಂದರೆ ಊರೇ ಖಾಲಿಯಾದೀತು.

ಬೆಳಗಾವಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 47.8 ಲಕ್ಷ. ಐರ್ಲೆಂಡ್ ಗಣರಾಜ್ಯದ್ದು 2022ರಲ್ಲಿ ಸುಮಾರು 51.5 ಲಕ್ಷ. ನಮ್ಮ ಒಂದೇ ಜಿಲ್ಲೆ ಹತ್ತಿರಹತ್ತಿರ ಅವರ ಇಡೀ ದೇಶದಷ್ಟಿದೆ. ಜನ ಕಡಿಮೆ ಎಂಬ ನೆಪ ನಮಗಿಲ್ಲ ಎಂಬುದಕ್ಕೆ ಈ ಲೆಕ್ಕ.

ಮೈಸೂರಿಗೆ ಮರಳೋಣ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 2-1ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹೊಡೆದ ಮೊದಲ ಗೋಲು ಅದು. ತಂಡದ ಬಹುಪಾಲು ಜನ ಬೂಟು ತೊಟ್ಟಿರಲಿಲ್ಲ. ಅದೇ ತಂಡದಲ್ಲಿ ಅಹಮದ್ ಖಾನ್, ವಜ್ರವೇಲು, ಧನರಾಜ್ ಇದ್ದರು, ಎಲ್ಲರೂ ಬೆಂಗಳೂರಿನವರೇ. ಅಹಮದ್ ಖಾನ್ ಮತ್ತು ಧನರಾಜ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅಲ್ಲಿನ ಐವರು ಮುಂಚೂಣಿ ಆಟಗಾರರನ್ನು ಜನ ಪಂಚಪಾಂಡವರು ಎಂದು ಕರೆದರು, ಆ ಐವರಲ್ಲಿ ಇವರಿಬ್ಬರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತಕ್ಕೆ ಹತ್ತು ಗೋಲು ಹಾಕಿತು. ಭಾರತ ಹಾಕಿದ ಒಂದು ಗೋಲು ಅಹಮದ್ ಖಾನ್ ಅವರದು.

1952-53ರಲ್ಲಿ ಮೈಸೂರು ಎರಡನೇ ಸಲ ಸಂತೋಷ್ ಟ್ರೋಫಿ ಗೆದ್ದಿತು. ಆಗಲೂ ಬೈಲಹೊಂಗಲ ಮುಂಬಯಿಯಲ್ಲೇ. ಆಮೇಲೆ 1956ರ ನವೆಂಬರ್ 1 ಬಂತು, ನಾಲ್ಕೂ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1967-68ರಲ್ಲಿ ಕಟಕದಲ್ಲಿ ಮೂರನೇ ಗೆಲುವು, 1968-69ರಲ್ಲಿ ಬೆಂಗಳೂರಿನಲ್ಲಿ ನಾಲ್ಕನೆಯದು. ನಾಲ್ಕೂ ಫೈನಲ್‌ಗಳಲ್ಲಿ ಎದುರಾಳಿ ಬಂಗಾಳ. ಈ ಟ್ರೋಫಿಯನ್ನು 33 ಸಲ ಗೆದ್ದಿರುವ ಬಂಗಾಳವನ್ನು ನಾಲ್ಕು ಫೈನಲ್‌ಗಳಲ್ಲಿ ಮಣಿಸಿದ್ದು ಸಣ್ಣ ಸಾಧನೆಯಲ್ಲ.

ಆದರೆ ಕೊನೆಯ ಎರಡು ಗೆಲುವುಗಳ ಹೊತ್ತಿಗೆ ನಮ್ಮವರಿಗೆ ರಾಜ್ಯ ಒಂದಾಗಿತ್ತು, ಹೆಸರು ಆಗಿರಲಿಲ್ಲ. ಏಕೀಕರಣಕ್ಕೆಂದು 1924ರಲ್ಲೇ ಬೆಳಗಾವಿಯಲ್ಲಿ ಪರಿಷತ್ತು ಕೂಡಿಸಿದವರಿಗೆ, ದಿವಾನರ ಕಚೇರಿಯ ನೆರಳನ್ನೇ ಕಾಣದವರಿಗೆ, ‘ಮೈಸೂರು’ ಎಂದರೆ ಇನ್ನೊಬ್ಬರ ಮನೆಗೆ ಬಾಡಿಗೆಗೆ ಬಂದಂತೆ ಇತ್ತು. ಆ ಅಸಮಾಧಾನ ಆಗಿನ ಭಾಷಣಗಳಲ್ಲೂ ಪತ್ರಿಕೆಗಳಲ್ಲೂ ಹರಿದಾಡಿತು. 1973ರ ನವೆಂಬರ್ 1ರಂದು ದೇವರಾಜ ಅರಸರ ಸರ್ಕಾರ ರಾಜ್ಯವನ್ನು ಕರ್ನಾಟಕವೆಂದು ಕರೆಯಿತು. ಕ್ರಿಕೆಟ್ ತಂಡದ ಹೆಸರೂ ಮೈಸೂರಿನಿಂದ ಕರ್ನಾಟಕ ಆಯಿತು. ಆ ಋತುವಿನಲ್ಲೇ ಅದು ಸೆಮಿಫೈನಲ್‌ನಲ್ಲಿ ಮುಂಬಯಿಯ ಹದಿನೈದು ವರ್ಷಗಳ ಗೆಲುವಿನ ಸರಪಳಿ ಕಡಿದು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಟ್ರೋಫಿ ತಂದಿತು. ಹೊಸ ಹೆಸರಿಗೆ ಅದಕ್ಕಿಂತ ಒಳ್ಳೆಯ ನಾಮಕರಣ ಸಿಗುತ್ತಿರಲಿಲ್ಲ. ಫುಟ್‌ಬಾಲ್‌ಗೆ ಆ ಅದೃಷ್ಟ ಒಲಿಯಲಿಲ್ಲ. 1975-76ರಲ್ಲಿ ಕರ್ನಾಟಕ ಫೈನಲ್ ತಲುಪಿ ಬಂಗಾಳಕ್ಕೆ ಸೋತಿತು, ಆಮೇಲೆ ನಲವತ್ತೇಳು ವರ್ಷ ಕಪ್ಪಿನ ಮುಖ ಕಾಣಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಫುಟ್‌ಬಾಲ್ ನಿಂತಿದ್ದದ್ದು ಸರ್ಕಾರಿ ಕಾರ್ಖಾನೆಗಳು, ಸೈನ್ಯ ಮತ್ತು ರಕ್ಷಣಾ ಸಂಸ್ಥೆಗಳ ಮೇಲೆ. ಐಟಿಐ, ಎಚ್ಎಎಲ್, ಎಂಇಜಿ, ಎಲ್ಆರ್‌ಡಿಇ ತಂಡಗಳು ಒಳ್ಳೆಯ ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ನೌಕರಿ ಇದ್ದದ್ದರಿಂದ ಅವನು ಊರು ಬಿಡುತ್ತಿರಲಿಲ್ಲ. ಆ ನೇಮಕಾತಿ ಕುಗ್ಗಿತು, ಕಲ್ಕತ್ತ ಮತ್ತು ಗೋವಾದ ಕ್ಲಬ್ಬುಗಳ ಹಣ ಹೆಚ್ಚಿತು. ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್ಮನ್ ಟಾಟಾ ಅಕಾಡೆಮಿಗೆ ಹೋಗಿ, ಈಸ್ಟ್ ಬೆಂಗಾಲ್ ನಾಯಕನಾಗಿ ರಾಷ್ಟ್ರೀಯ ಲೀಗ್ ಗೆದ್ದರು. 2013ರಲ್ಲಿ ಬೆಂಗಳೂರು ಎಫ್‌ಸಿ ಬಂದು ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಾಗ ಸಂಭ್ರಮ ಆಯಿತು ನಿಜ. ಆದರೆ ಅಂಥ ಕ್ಲಬ್ಬುಗಳ ವೃತ್ತಿಪರರು ಸಾಮಾನ್ಯವಾಗಿ ಸಂತೋಷ್ ಟ್ರೋಫಿಗೆ ಬರುವುದಿಲ್ಲ. ರಿಯಾದ್‌ನಲ್ಲಿ ಆಡಿದವರು ಅವರ ಕೆಳಗಿನ ಮೆಟ್ಟಿಲಲ್ಲಿ ಬೆವರು ಸುರಿಸುತ್ತಿದ್ದವರು. ಆ ಗೆಲುವಿನ ಬೆಲೆ ನನ್ನ ಕಣ್ಣಿಗೆ ಇದರಿಂದ ಹೆಚ್ಚೇ ಆಗುತ್ತದೆ.

ಇಷ್ಟೆಲ್ಲ ಕಥೆಯಲ್ಲಿ ಮಲಪ್ರಭೆಯ ದಂಡೆ ಎಲ್ಲಿದೆ? ಬೆಳಗಾವಿ ಶಹರಕ್ಕೆ ಆಟದ ಪರಂಪರೆ ಇದೆ. ಅಲ್ಲೂ ದಂಡು ಇದೆ, ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಗೋವಾ ಹತ್ತಿರವಿದೆ. ಸೇಂಟ್ ಪಾಲ್ಸ್ ಶಾಲೆಯ ಮೈದಾನದಲ್ಲಿ ಫಾದರ್ ಎಡ್ಡಿ ಸ್ಮರಣಾರ್ಥ ಶಾಲಾ ಫುಟ್‌ಬಾಲ್ ಪಂದ್ಯಾವಳಿ ನಡೆದು ಬಂದಿದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದ ಬಂಡು ಪಾಟೀಲ ಬೆಳಗಾವಿಯವರು. ಆದರೆ ದಂಡಿನ ಗೋಡೆ ದಾಟಿ ಈ ಆಟಗಳು ಪೂರ್ವಕ್ಕೆ, ಕರಿಮಣ್ಣಿನ ಹತ್ತಿ-ಜೋಳದ ಸೀಮೆಗೆ ಇಳಿದು ಬರಲಿಲ್ಲ.

ಇಲ್ಲಿ ಬೇರೆ ಆಟವಿತ್ತು. ಜಾತ್ರೆಯ ಮರುದಿನವೋ ಮೂರನೇ ದಿನವೋ ಕಮಿಟಿಯವರು ಕುಸ್ತಿ ಇಡುತ್ತಾರೆ. ಕೆಮ್ಮಣ್ಣಿನ ಅಖಾಡ, ಸುತ್ತ ಜನ, ಹಲಗಿಯ ಸದ್ದು. ಮಧ್ಯಾಹ್ನ ಸಣ್ಣ ಹುಡುಗರ ಜೋಡಿಗಳಿಂದ ಶುರುವಾಗಿ ಹೊತ್ತು ಮುಳುಗುವಾಗ ದೊಡ್ಡ ಜೋಡಿಗೆ ಬರುತ್ತದೆ. ಜಂಗಿ ನಿಕಾಲಿ ಕುಸ್ತಿ ಎಂದರೆ ಚಿತ್ ಆಗಲೇಬೇಕು, ಅಂಕ ಎಣಿಸಿ ಕೈ ಎತ್ತುವ ಲೆಕ್ಕ ಅಲ್ಲಿಲ್ಲ. ಕಿತ್ತೂರು ಉತ್ಸವದಲ್ಲಿ ಪ್ರತಿ ಅಕ್ಟೋಬರ್ 23ರಿಂದ ಮೂರು ದಿನ ಚೆನ್ನಮ್ಮನ ಗೆಲುವನ್ನು ನೆನೆಯುವಾಗಲೂ ಕುಸ್ತಿ ಇರಲೇಬೇಕು. 1824ರಲ್ಲಿ ಆ ದಿನವೇ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತದ್ದು. ಸಂಗೊಳ್ಳಿ ರಾಯಣ್ಣನ ಊರಲ್ಲಿ ಗರಡಿಯ ಮಾತಿಲ್ಲದೆ ರಾಯಣ್ಣನ ಕಥೆ ಮುಗಿಯುವುದಿಲ್ಲ.

ಆ ಮೈದಾನದಲ್ಲಿ ಗಮನಿಸಬೇಕಾದದ್ದು ಮೈಕು ಹಿಡಿದವನ ಮಾತು. ಪೈಲ್ವಾನನ ಹೆಸರು ಒಂಟಿಯಾಗಿ ಬರುವುದಿಲ್ಲ. ಅವನ ಊರು, ಅವನ ತಾಲೀಮು, ಕೆಲವೊಮ್ಮೆ ಅವನ ವಸ್ತಾದನ ಹೆಸರು ಕೂಡಿಯೇ ಬರುತ್ತವೆ. ಗೆದ್ದವ ಹೆಗಲೇರಿದಾಗ ಕುಣಿಯುವವರು ಅವನ ಊರವರು. ಕೊನೆಯ ಕುಸ್ತಿಗೆ ಕೊಲ್ಲಾಪುರದಿಂದಲೋ ಹರಿಯಾಣ-ಪಂಜಾಬದಿಂದಲೋ ಒಬ್ಬನನ್ನು ಕರೆಸಿದ್ದರೆ ಆ ಹೊತ್ತಿಗೆ ನಮ್ಮ ಕಡೆಯವನು ಯಾವ ತಾಲೂಕಿನವನೇ ಆಗಲಿ, ಇಡೀ ಮೈದಾನ ಅವನ ಬೆನ್ನಿಗೆ ನಿಲ್ಲುತ್ತದೆ. ಕೆರಿ ಕೌಂಟಿಯ ಬೆಂಬಲಿಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊರತೆ ಒಂದೇ, ಕುಸ್ತಿ ಒಬ್ಬನ ಆಟ. ಅದರಿಂದ ಪೈಲ್ವಾನ ಹುಟ್ಟುತ್ತಾನೆ, ತಂಡ ಹುಟ್ಟುವುದಿಲ್ಲ.

ತಂಡದ ಆಟವೂ ಇತ್ತು, ಹುತುತು, ಎಂದರೆ ಕಬಡ್ಡಿ. ಗೇಲಿಕ್ ಫುಟ್‌ಬಾಲ್‌ನ ಹಾಗೆ ಇದೂ ರಾಷ್ಟ್ರೀಯತೆಯ ಬಿಸಿಯಲ್ಲಿ ಕಟ್ಟುಪಾಡು ಪಡೆದ ದೇಸಿ ಆಟ. ಅದೂ ನಮ್ಮ ನೆರೆಯಲ್ಲೇ. ಪುಣೆ, ಬರೋಡದ ವ್ಯಾಯಾಮ ಸಂಸ್ಥೆಗಳು 1920ರ ಆಸುಪಾಸಿನಲ್ಲಿ ಅದಕ್ಕೆ ಅಂಕಣದ ಅಳತೆ, ಆಟಗಾರರ ಸಂಖ್ಯೆ, ಔಟಿನ ನಿಯಮ ಬರೆದವು. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿ ಕಬಡ್ಡಿ ಆಡಿ ತೋರಿಸಿದರು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿತು. ಕರ್ನಾಟಕದಿಂದ ಬಿ.ಸಿ. ರಮೇಶ್, ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಅರ್ಜುನ ಪ್ರಶಸ್ತಿಯವರೆಗೆ ಹೋದರು. ಆದರೆ ಐರಿಷರು ಮಾಡಿದ ಒಂದು ಕೆಲಸ ಇಲ್ಲಿ ಆಗಲಿಲ್ಲ. ಊರಿನ ತಂಡದ ಮೇಲೆ ತಾಲೂಕಿನ ತಂಡ, ಅದರ ಮೇಲೆ ಜಿಲ್ಲೆಯ ತಂಡ, ವರ್ಷವರ್ಷವೂ ಅದೇ ಬಣ್ಣದ ಅಂಗಿ, ಅದೇ ಎದುರಾಳಿ, ಹಳೆಯ ಸೋಲಿನ ಸೇಡು. ಇಂಥ ಏಣಿಯನ್ನು ಯಾರೂ ಕಟ್ಟಲಿಲ್ಲ.

ಕಟ್ಟಲಿಲ್ಲ ಎಂದರೆ ಪೂರ್ತಿ ಸರಿಯಾಗದು. ಸರ್ಕಾರಿ ಏಣಿ ಇದೆ. ಶಾಲಾ ಕ್ರೀಡಾಕೂಟ ವಲಯದಿಂದ ತಾಲೂಕಿಗೆ, ಜಿಲ್ಲೆಗೆ, ವಿಭಾಗಕ್ಕೆ ಏರುತ್ತದೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬೆಳಗಾವಿ ಜಿಲ್ಲೆ ಎರಡು ಶೈಕ್ಷಣಿಕ ಜಿಲ್ಲೆಯಾಗಿದೆ. ನಮ್ಮ ನಾಲ್ಕೂ ತಾಲೂಕುಗಳು ಚಿಕ್ಕೋಡಿಯ ಕಡೆ ಹೋಗದೆ ಬೆಳಗಾವಿಯ ಕಡೆಗೇ ಉಳಿದಿವೆ, ಆದ್ದರಿಂದ ಒಂದರ ವಿರುದ್ಧ ಒಂದು ಆಡುತ್ತವೆ. ದಸರಾ ಕ್ರೀಡಾಕೂಟವೂ ತಾಲೂಕಿನಿಂದ ಹೊರಟು ಮೈಸೂರಿಗೆ ಮುಟ್ಟುತ್ತದೆ. ಕಬಡ್ಡಿ, ಖೊ ಖೊ, ವಾಲಿಬಾಲ್ ತಂಡಗಳಿಗೆ ‘ಸವದತ್ತಿ ತಾಲೂಕು’, ‘ರಾಮದುರ್ಗ ತಾಲೂಕು’ ಎಂಬ ಹೆಸರು ನಿಜವಾಗಿಯೂ ಬರುವುದು ಆ ಒಂದೆರಡು ದಿನ. ನಮ್ಮಲ್ಲಿ ಕೌಂಟಿ ತಂಡಕ್ಕೆ ತೀರಾ ಹತ್ತಿರದ ವಸ್ತು ಇದೇ.

ಅದರ ಆಯುಷ್ಯವೇ ಸಮಸ್ಯೆ. ಗೆದ್ದವರು ಮುಂದಿನ ಹಂತಕ್ಕೆ ಹೋಗುತ್ತಾರೆ, ಸೋತವರು ಅಂದೇ ಸಂಜೆಯ ಬಸ್ಸು ಹಿಡಿಯುತ್ತಾರೆ, ತಂಡ ಅಲ್ಲಿಗೆ ಕರಗುತ್ತದೆ. ಮುಂದಿನ ವರ್ಷದ ತಂಡಕ್ಕೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಕೆರಿಯವರು 1903ರ ತಮ್ಮ ಮೊದಲ ಪ್ರಶಸ್ತಿಯಿಂದ ಹಿಡಿದು ಎಲ್ಲವನ್ನೂ ಬಾಯಿಪಾಠ ಹೇಳಬಲ್ಲರು. ಹತ್ತು ವರ್ಷದ ಹಿಂದೆ ಬೈಲಹೊಂಗಲ ತಾಲೂಕಿನ ಕಬಡ್ಡಿ ತಂಡ ಯಾರ ಎದುರು ಗೆದ್ದಿತು ಎಂದರೆ, ಆಡಿದವರೇ ನೆನಪು ಮಾಡಿಕೊಂಡು ಹೇಳಬೇಕು. ಟ್ರೋಫಿ ಹೆಡ್‌ಮಾಸ್ತರ ಕೋಣೆಯ ಕಪಾಟಿನಲ್ಲಿರುತ್ತದೆ. ಅಲ್ಲಿ ಆಟಗಾರರ ಹೆಸರಿರುವುದು ಅಪರೂಪ. ನಮ್ಮಲ್ಲಿ ಆಟ ಸಾಕಷ್ಟಿದೆ, ಆಟದ ದಫ್ತರ ಇಲ್ಲ. ಕೌಂಟಿ ತಂಡವನ್ನು ನೂರಮೂವತ್ತು ವರ್ಷ ಹಿಡಿದಿಟ್ಟದ್ದು ಪಂದ್ಯಗಳಿಗಿಂತ ಹೆಚ್ಚಾಗಿ ಆ ದಫ್ತರ ಎಂದು ನನಗನಿಸುತ್ತದೆ.

ಮಾರುಕಟ್ಟೆ ಇನ್ನೊಂದು ಬಗೆಯ ತಂಡ ತಂದಿತು. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ಬೆಳಗಾವಿಯ ಹೆಸರಲ್ಲೊಂದು ಕ್ರಿಕೆಟ್ ತಂಡ ಹುಟ್ಟಿತು, ಪ್ಯಾಂಥರ್ಸ್. 2017ರಲ್ಲಿ ಅದು ಚಾಂಪಿಯನ್ ಕೂಡ ಆಯಿತು. 2019ರ ನಂತರ ಆ ಲೀಗ್ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಲೀಗ್ ಬಂದಾಗ ಹುಬ್ಬಳ್ಳಿ, ಗುಲ್ಬರ್ಗ, ಶಿವಮೊಗ್ಗ, ಮಂಗಳೂರು ಇದ್ದವು, ಬೆಳಗಾವಿ ಇರಲಿಲ್ಲ. ಐದು ವರ್ಷದ ಹಿಂದಿನ ಚಾಂಪಿಯನ್ ತಂಡ ಕಾಣೆಯಾಯಿತು, ಅದಕ್ಕಾಗಿ ಬೆಳಗಾವಿಯಲ್ಲಿ ಒಂದು ಮೆರವಣಿಗೆಯೂ ಹೊರಟಂತಿಲ್ಲ. ಹರಾಜಿನಲ್ಲಿ ಕೊಂಡ ಆಟಗಾರರ ತಂಡ ಊರಿಗೆ ಹೆಸರಿನ ಬಾಡಿಗೆ ಕೊಟ್ಟಂತೆಯೂ ಆಗಿರಲಿಲ್ಲ, ಊರು ಅದರ ಬಾಕಿ ಕೇಳಲೂ ಹೋಗಲಿಲ್ಲ. ಕೆರಿ ತಂಡವನ್ನು ಹೀಗೆ ಮುಚ್ಚಲು ಯಾವ ಮಾಲೀಕನಿಂದಲೂ ಆಗದು, ಏಕೆಂದರೆ ಅದಕ್ಕೆ ಮಾಲೀಕನೇ ಇಲ್ಲ.

ಒಬ್ಬೊಬ್ಬರಾಗಿ ಮೇಲೆ ಹೋದವರು ಈ ಸೀಮೆಯಲ್ಲಿಲ್ಲವೆಂದಲ್ಲ. ಗದುಗಿನ ಸುನಿಲ್ ಜೋಶಿ ಬೆಳಗಿನ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. 1995-96ರ ರಣಜಿಯಲ್ಲಿ ಐನೂರಕ್ಕೂ ಹೆಚ್ಚು ರನ್ ಮತ್ತು ಐವತ್ತಕ್ಕೂ ಹೆಚ್ಚು ವಿಕೆಟ್ ಪಡೆದರು. ಕರ್ನಾಟಕ ಆ ವರ್ಷ ಕಪ್ಪು ಗೆದ್ದಿತು, ಜೋಶಿ ಭಾರತದ ತಂಡ ಸೇರಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರಿಗೆ 6 ಮೇಡನ್, 6 ರನ್, 5 ವಿಕೆಟ್. ಆ ಅಂಕೆಗಳನ್ನು ಉತ್ತರ ಕರ್ನಾಟಕದ ಒಂದು ಪೀಳಿಗೆ ಮಗ್ಗಿಯ ಹಾಗೆ ಹೇಳಿಕೊಂಡಿತು. ಈ ಕಥೆ ಹೇಳುವವರು ಜೋಶಿಯವರ ಛಲವನ್ನು ಹೊಗಳುತ್ತಾರೆ, ರೈಲನ್ನು ಮರೆಯುತ್ತಾರೆ. ಬೈಲಹೊಂಗಲಕ್ಕೆ, ಸವದತ್ತಿಗೆ, ರಾಮದುರ್ಗಕ್ಕೆ ರೈಲಿಲ್ಲ. ಹೆದ್ದಾರಿಯ ಮೇಲಿರುವ ಕಿತ್ತೂರಿಗೂ ಇಲ್ಲ. ಧಾರವಾಡ-ಕಿತ್ತೂರು-ಬೆಳಗಾವಿ ಹೊಸ ಮಾರ್ಗ ಮಂಜೂರಾಗಿ ವರ್ಷಗಳಾದವು. ಬೆಳಗಿನ ಐದಕ್ಕೆ ಹುಡುಗನೊಬ್ಬನನ್ನು ಮೈದಾನಕ್ಕೆ ಮುಟ್ಟಿಸಿ ಒಂಬತ್ತಕ್ಕೆ ಶಾಲೆಗೆ ತಂದುಬಿಡುವ ವ್ಯವಸ್ಥೆ ಇಲ್ಲದ ಕಡೆ ಪ್ರತಿಭೆಯ ಶೋಧ ಎಂಬ ಮಾತನ್ನು ಸ್ವಲ್ಪ ಕಡಿಮೆ ಆಡುವುದು ಒಳ್ಳೆಯದು.

2021ರ ನವೆಂಬರ್‌ನಲ್ಲಿ ಮುಂಬಯಿ ಕರ್ನಾಟಕಕ್ಕೆ ಸರ್ಕಾರ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟಿತು. ಚೆನ್ನಮ್ಮನ ಹೆಸರು ನೆನಪಿಸುವ ಪ್ರದೇಶವೊಂದು ಕಾಗದದ ಮೇಲೆ ಬಂತು. ಹೆಸರು ಬದಲಾದದ್ದಕ್ಕೆ ನನ್ನ ತಕರಾರಿಲ್ಲ, ಆ ಹಳೆಯ ಹೆಸರಿನ ವಾಸನೆ ಹೋಗಬೇಕಿತ್ತು. ಆದರೆ ಐರಿಷರು ಶತ್ರು ಎಳೆದ ಗೆರೆಯನ್ನೇ ತಮ್ಮದಾಗಿ ಮಾಡಿಕೊಂಡದ್ದು ಗೆರೆಯ ಮೇಲೆ ನಿಂತು ಆಡಿದ್ದರಿಂದ. ಕಿತ್ತೂರು ಕರ್ನಾಟಕ ಎಂಬ ಹೆಸರಿನಲ್ಲಿ ಯಾವುದೇ ಆಟದ ತಂಡ ರಾಜ್ಯ ಮಟ್ಟದಲ್ಲಿ ವರ್ಷವರ್ಷವೂ ಇಳಿಯುವುದನ್ನು ನಾನು ನೋಡಿಲ್ಲ.

ಕೊನೆಗೆ ವಲಸೆಯ ಮಾತು. ಗೇಲಿಕ್ ಪಂದ್ಯಾವಳಿಯಲ್ಲಿ ಐರ್ಲೆಂಡಿನ ಕೌಂಟಿಗಳ ಜೊತೆ ಲಂಡನ್ ಮತ್ತು ನ್ಯೂಯಾರ್ಕ್ ಎಂಬ ತಂಡಗಳೂ ಇವೆ, ಹೊಟ್ಟೆಪಾಡಿಗೆ ಹೋದವರ ಮಕ್ಕಳು ಮೊಮ್ಮಕ್ಕಳದ್ದು. ದಶಕಗಳ ಕಾಲ ಸೋಲನ್ನೇ ಉಂಡ ನ್ಯೂಯಾರ್ಕ್ 2023ರ ಏಪ್ರಿಲ್‌ನಲ್ಲಿ, ರಿಯಾದ್ ಗೆಲುವಿನ ಮರುತಿಂಗಳು, ಲೈಟ್ರಿಮ್ ಕೌಂಟಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಮೊದಲ ಚಾಂಪಿಯನ್‌ಷಿಪ್ ಗೆಲುವು ಕಂಡಿತು. ನಮ್ಮ ನಾಲ್ಕು ತಾಲೂಕುಗಳಿಂದಲೂ ಜನ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಗಾರೆ ಕೆಲಸಕ್ಕೆ, ಮಗ್ಗ ನಿಂತ ಮೇಲೆ ಕೂಲಿಗೆ, ಹೆಚ್ಚಿನವರು ಗೋವಾಕ್ಕೆ. ವಾಸ್ಕೊ, ಮಡಗಾಂವ ಕಡೆಯ ಓಣಿಗಳಲ್ಲಿ ಹುಟ್ಟಿದ ಅವರ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಆಡುತ್ತಾರೆ. ಗೋವಾದ ಬೀದಿಯೆಂದ ಮೇಲೆ ಕಾಲಲ್ಲಿ ಚೆಂಡು ಇದ್ದೇ ಇರುತ್ತದೆ. ಸಂತೋಷ್ ಟ್ರೋಫಿಯಲ್ಲಿ ಆಟಗಾರ ನೋಂದಣಿಯಾದ ರಾಜ್ಯದ ಪರವಾಗಿ ಆಡುತ್ತಾನೆ. ರಾಮದುರ್ಗದ ನೇಕಾರರ ಮನೆತನದ ಹುಡುಗನೊಬ್ಬ ಮುಂದೆಂದಾದರೂ ಕರ್ನಾಟಕದ ವಿರುದ್ಧ ಗೋವಾಕ್ಕೆ ಗೋಲು ಹೊಡೆದರೆ ರಾಮದುರ್ಗದ ಪೇಟೆಯಲ್ಲಿ ಪಟಾಕಿ ಹಾರಿಸುವವರು ಯಾರಾದರೂ ಇದ್ದೇ ಇರುತ್ತಾರೆ. ಅವನಜ್ಜ ಇನ್ನೂ ಇದ್ದರೆ, ಆ ಪಟಾಕಿ ಸರಿಯೋ ತಪ್ಪೋ ಎಂದು ಅಲ್ಲೇ ನಿಂತು ಬಡಿದಾಡುವವರ ನಡುವೆ ಪಂಚಾಯ್ತಿಗೆ ಅವರನ್ನೇ ಕೂಡಿಸಬೇಕಾದೀತು.